ಮೂಗುಬೊಟ್ಟು ಗುಡ್ಡದ ಶಿಖರೋಲ್ಲಂಘನೆ ಪ್ರಕರಣ

ಗುಡ್ಡ ಹತ್ತುವುದಕ್ಕೆ ಒಂದು ಸಂಘ ಬೇಕಾಗುತ್ತದೆ ಎಂಬ ವಿಷಯ ೧೯೭೮ನೆಯ ಇಸವಿಯವರೆಗೆ ಅಜ್ಜಂಪುರದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಲ್ಲಿಯತನಕ ಸುತ್ತಮುತ್ತಲ ಜನ ಗುಡ್ಡಗಳನ್ನು ಅನಧಿಕೃತವಾಗಿ ಹತ್ತಿ, ಅನಧಿಕೃತವಾಗಿಯೇ ಇಳಿಯುತ್ತಿದ್ದರು. ಸೌದೆಗೆ ಹೋದವರು, ಮೇಕೆ ಕಾಯುವವರು, ಹರಕೆ ಹೊತ್ತವರು ಹೀಗೆ ಯಾವ ನಡಾವಳಿಯೂ ಇಲ್ಲದೆ ನೂರಾರು ವರ್ಷ ಹತ್ತಿದ್ದರಿಂದ ಗುಡ್ಡಗಳಿಗೆ ಎಷ್ಟು ಅಗೌರವವಾಗಿತ್ತು ಎಂಬುದನ್ನು ವಿಚಾರಿಸಿದವರೇ ಇರಲಿಲ್ಲ.

ಈ ಕೊರತೆಯನ್ನು ಮೊದಲು ಗಮನಿಸಿದವರು ಎಣ್ಣೆ ಮಿಲ್ಲಿನ ಓಂಕಾರಮೂರ್ತಿಗಳು. ಅವರು ಆ ಹೊತ್ತಿಗೆ ಊರಿನ ವಾಚನಾಲಯ, ಭಜನಾ ಮಂಡಳಿ, ವಾಲಿಬಾಲ್ ತಂಡ ಮತ್ತು ನಾಯಿ ಹಿಡಿಯುವ ಸಮಿತಿಗಳ ಅಧ್ಯಕ್ಷರಾಗಿದ್ದರು. ಅಧ್ಯಕ್ಷರಾಗುವುದಕ್ಕೆ ಊರಿನಲ್ಲಿ ಇನ್ನೇನೂ ಉಳಿದಿಲ್ಲವಲ್ಲ ಎಂದು ಮನಸ್ಸಿಗೆ ಹಚ್ಚಿಕೊಂಡು, ಹವಾ ಬದಲಾವಣೆಗೆಂದು ಕೆಮ್ಮಣ್ಣುಗುಂಡಿಗೆ ಹೋಗಿದ್ದಾಗ, ಪ್ಯಾಂಟು ತೊಟ್ಟ ಕೆಲವರು ಬೆನ್ನಿಗೆ ಚೀಲ ಕಟ್ಟಿಕೊಂಡು, ಯಾವ ಕೆಲಸವೂ ಇಲ್ಲದೆ ಗುಡ್ಡ ಹತ್ತುತ್ತಿರುವುದನ್ನು ಕಂಡರು. ವಿಚಾರಿಸಲಾಗಿ ಅದು ಚಾರಣವೆಂದೂ ಅದಕ್ಕೊಂದು ಸಂಘವಿದೆಯೆಂದೂ ಸಂಘಕ್ಕೊಬ್ಬ ಅಧ್ಯಕ್ಷರಿದ್ದಾರೆಂದೂ ತಿಳಿದುಬಂತು. ಓಂಕಾರಮೂರ್ತಿಗಳ ಆರೋಗ್ಯ ಅಲ್ಲೇ ಸುಧಾರಿಸಿತು.

ಹೀಗೆ 'ಅಜ್ಜಂಪುರ ಗಿರಿಚಾರಣ ಸಂಘ' ಹುಟ್ಟಿತು. ಕಾರ್ಯದರ್ಶಿಯಾಗಿ ಷಡಕ್ಷರಿಯವರು ನೇಮಕಗೊಂಡರು. ಅವರು ನಿವೃತ್ತ ಶಿರಸ್ತೇದಾರರು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಕಾಫಿ ಬೇಕಾದರೆ "ಈ ಮೂಲಕ ಕೋರಲಾಗಿದೆ" ಎನ್ನುತ್ತಿದ್ದರೆಂದೂ, ಸಕ್ಕರೆ ಕಮ್ಮಿಯಾದರೆ ಹೆಂಡತಿಯಿಂದ ಸಮಜಾಯಿಷಿ ಕೇಳುತ್ತಿದ್ದರೆಂದೂ ಪ್ರತೀತಿ. ಒಂದೇ ವಾರದಲ್ಲಿ ಅವರು ಸಂಘದ ನಿಯಮಾವಳಿ ಸಿದ್ಧಪಡಿಸಿ ವಾಚನಾಲಯದ ಗೋಡೆಗೆ ಅಂಟಿಸಿದರು.

"ಚಾರಣದ ವೇಳೆ ಯಾವ ಸದಸ್ಯರೂ ಅಧ್ಯಕ್ಷರಿಗಿಂತ ಮುಂದೆ ನಡೆಯತಕ್ಕದ್ದಲ್ಲ. ಅಧ್ಯಕ್ಷರು ಕುಳಿತಲ್ಲಿ ಎಲ್ಲರೂ ಕುಳಿತುಕೊಳ್ಳತಕ್ಕದ್ದು. ಅಧ್ಯಕ್ಷರಿಗೆ ಆಯಾಸವಾದಲ್ಲಿ ಸಂಘಕ್ಕೆ ಆಯಾಸವಾಗಿದೆಯೆಂದು ಭಾವಿಸತಕ್ಕದ್ದು. ನಿಸರ್ಗ ಸೌಂದರ್ಯವನ್ನು ಕಾರ್ಯದರ್ಶಿಗಳು ತೋರಿಸಿದ ಸ್ಥಳಗಳಲ್ಲಿ ಮಾತ್ರ ಅನುಭವಿಸತಕ್ಕದ್ದು."

ಈ ಪ್ರಕಟಣೆಯನ್ನು ಓದಿ ಮೊದಲ ದಿನವೇ ಸದಸ್ಯರಾದವರಲ್ಲಿ ವಿಮಲಮ್ಮನೂ ಒಬ್ಬರು. ಮಹಿಳಾ ಸಮಾಜದಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದ ಆಕೆಗೆ ನಲವತ್ತು ದಾಟಿತ್ತು. ಹೊಲಿಗೆ ತರಗತಿಯ ಕಿಟಕಿಯಿಂದ ನೋಡಿದರೆ ದೂರದಲ್ಲಿ ಮೂಗುಬೊಟ್ಟು ಗುಡ್ಡ ಕಾಣುತ್ತಿತ್ತು. ಗುಡ್ಡದ ತುದಿಯಲ್ಲೊಂದು ಬೆಣಚುಕಲ್ಲಿನ ಬಂಡೆ; ಸಂಜೆ ಬಿಸಿಲು ಬಿದ್ದಾಗ ಥೇಟು ಹೆಂಗಸಿನ ಮೂಗುಬೊಟ್ಟಿನ ಹಾಗೆ ಮಿಂಚುತ್ತಿತ್ತು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಆಕೆಗೆ ಒಂದೇ ಆಸೆ, ಆ ಬಂಡೆಯ ಪಕ್ಕ ನಿಂತು ಆಚೆ ಏನಿದೆ ಅಂತ ನೋಡಬೇಕು. ಆಚೆ ಏನಿದೆ ಎಂದು ಕೇಳಿದರೆ ಒಬ್ಬರು ಕಾಡು ಅಂದರು, ಒಬ್ಬರು ಹೊಳೆ ಅಂದರು, ಅತ್ತೆ ಮಾತ್ರ "ಆಚೆ ಏನಿದ್ರೆ ನಿಂಗೇನೇ, ಈಚೆ ಸಾರು ಉಕ್ತಾ ಐತೆ ನೋಡು" ಅಂದಿದ್ದರು.

ಗಂಡ ಕಲ್ಲೇಶಪ್ಪ ಮೆಣಸಿನಕಾಯಿ ಮಂಡಿ ಇಟ್ಟಿದ್ದವರು. ಒಳ್ಳೆಯವರು, ಆದರೆ ಲಾಭ ನಷ್ಟವಿಲ್ಲದ ವಿಷಯ ಅವರಿಗೆ ಬೇಗ ಅರ್ಥವಾಗುತ್ತಿರಲಿಲ್ಲ.

"ಗುಡ್ಡಕ್ಕೆ ಯಾಕೆ?" ಎಂದು ಕೇಳಿದರು.

"ಹತ್ತೋಕೆ ಕಣ್ರೀ."

"ಹತ್ತಿ?"

"ಇಳಿಯೋದು."

ಕಲ್ಲೇಶಪ್ಪ ತುಂಬ ಹೊತ್ತು ಯೋಚನೆ ಮಾಡಿದರು. "ಮೇಕೆ ಏನಾದ್ರೂ ಕಳೆದೈತಾ?"

"ನಮ್ಮನೇಲಿ ಮೇಕೆ ಎಲ್ಲಿದೆ ರೀ?"

"ಅದೇ ನಾನೂ ಹೇಳೋದು. ಇಲ್ದಿರೋ ಮೇಕೆ ಹುಡುಕ್ಕೊಂಡು ಯಾರಾದ್ರೂ ಗುಡ್ಡ ಹತ್ತುತಾರೇನೇ?"

ಹಾಗೆಂದರೂ ಬೇಡ ಅನ್ನಲಿಲ್ಲ. ಜೊತೆಗೆ ಬಳೆ ಅಂಗಡಿಯ ಮಹಬೂಬ್ ಬಿ ಹೊರಟಿದ್ದು ಅವರಿಗೆ ಸಮಾಧಾನವಾಗಿತ್ತು. ಮಹಬೂಬ್ ಬಿ ಮತ್ತು ವಿಮಲಮ್ಮ ಹದಿನೈದು ವರ್ಷದ ಗೆಳತಿಯರು. ಒಬ್ಬಳು ರವಿಕೆ ಹೊಲಿದರೆ ಇನ್ನೊಬ್ಬಳು ಅದಕ್ಕೊಪ್ಪುವ ಬಳೆ ತೊಡಿಸಿ, ಊರಿನ ಅರ್ಧ ಮದುವಣಗಿತ್ತಿಯರನ್ನು ಸಿಂಗರಿಸಿ ಕಳಿಸಿದವರು. ಮಹಬೂಬ್ ಬಿ ಸಂಘಕ್ಕೆ ಸೇರಿದ್ದರ ಕಾರಣ ಸರಳ. "ಅಕ್ಕಾ, ನೀನು ಒಬ್ಳೇ ಹೋಗಿ ಬಿದ್ರೆ ಎತ್ತೋಕೆ ಜನ ಬೇಕಲ್ಲ. ನಾನೂ ಬಿದ್ರೆ ನಗೋಕಾದ್ರೂ ಜೊತೆ ಆಯ್ತದೆ."

ಮೊದಲ ಚಾರಣದ ದಿನ ಬಾಡಿಗೆ ಬಸ್ಸು ಗುಡ್ಡದಹಟ್ಟಿಯಲ್ಲಿ ನಿಂತಿತು. ಅದು ಮೂಗುಬೊಟ್ಟು ಗುಡ್ಡದ ಬುಡದಲ್ಲಿರುವ, ಮೇಕೆ ಕಾಯುವವರ ಸಣ್ಣ ಹಟ್ಟಿ. ಅಲ್ಲಿ ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಹಾರಾರ್ಪಣೆ ಮತ್ತು ವಂದನಾರ್ಪಣೆಗಳಾದವು. ಹತ್ತುವ ಮೊದಲೇ ವಂದನಾರ್ಪಣೆ ಯಾಕೆ ಎಂದು ಯಾರೋ ಕೇಳಿದ್ದಕ್ಕೆ ಷಡಕ್ಷರಿಯವರು "ಮೇಲೆ ಹೋದ ಮೇಲೆ ಉಸಿರು ಸಾಲದಿದ್ದರೆ ವಂದನೆ ಬಾಕಿ ಉಳಿಯುತ್ತದೆ" ಎಂದು ಉತ್ತರಿಸಿದರು. ಎಲ್ಲರಿಗೂ ಸರಿಯೆನಿಸಿತು.

ಮೆರವಣಿಗೆ ಹೊರಟಿತು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು, ಅವರ ಹಿಂದೆ ಕೊಡೆ, ಕೊಡೆಯ ಹಿಂದೆ ಷಡಕ್ಷರಿ, ಆಮೇಲೆ ಉಪ್ಪಿಟ್ಟಿನ ಡಬರಿ, ಕೇಸರಿಬಾತಿನ ಡಬರಿ, ಮತ್ತು ಕೊನೆಯಲ್ಲಿ ಸಾಮಾನ್ಯ ಸದಸ್ಯರು. ಓಂಕಾರಮೂರ್ತಿಗಳು ಭಾರೀ ಆಳು. ಎರಡು ಹೆಜ್ಜೆಗೊಮ್ಮೆ ನಿಂತು ನಿಸರ್ಗವನ್ನು ನೋಡುತ್ತಿದ್ದರು. ಅವರು ನಿಂತರೆ ಕೊಡೆ ನಿಲ್ಲುತ್ತಿತ್ತು, ಕೊಡೆ ನಿಂತರೆ ಡಬರಿ ನಿಲ್ಲುತ್ತಿತ್ತು. ಹಿಂದೆ ವಿಮಲಮ್ಮನ ಕಾಲುಗಳು ಕಟ್ಟಿಹಾಕಿದ ಕರುವಿನ ಕಾಲಿನ ಹಾಗೆ ತಕತಕ ಕುಣಿಯುತ್ತಿದ್ದವು.

ಗುಡ್ಡದ ಕಾಲುಭಾಗದಲ್ಲಿ ಒಂದು ಬಸರಿಮರ. ಅದರ ಬೇರಿನ ಮೇಲೆ ಅಧ್ಯಕ್ಷರು ಕುಳಿತರು. ನಿಯಮದಂತೆ ಎಲ್ಲರೂ ಕುಳಿತರು. ಅಧ್ಯಕ್ಷರು ಟವೆಲಿನಿಂದ ಮುಖ ಒರೆಸಿಕೊಂಡು ಕೇಳಿದರು: "ಷಡಕ್ಷರೀ, ಶಿಖರ ಇನ್ನೆಷ್ಟು ದೂರ ಮಾರಾಯ?"

ಷಡಕ್ಷರಿಯವರು ಮೇಲೆ ನೋಡಿದರು. ಅಧ್ಯಕ್ಷರ ಮುಖ ನೋಡಿದರು. ಮೂವತ್ತು ವರ್ಷದ ಸೇವೆಯ ಅನುಭವವೆಲ್ಲ ಒಂದು ಕ್ಷಣ ಅವರ ಕಣ್ಣಿನಲ್ಲಿ ಬಂದು ನಿಂತಿತು.

"ತಾವು ಕೂತಿರೋದೇ ಶಿಖರ ಸ್ವಾಮಿ."

"ಹೌದಾ?" ಅಧ್ಯಕ್ಷರಿಗೆ ನಿಜವಾಗಿ ಸಂತೋಷವಾಯಿತು. "ನಾನು ಇನ್ನೂ ದೂರ ಅಂದ್ಕೊಂಡಿದ್ದೆ ಕಣಯ್ಯಾ!"

ಚಪ್ಪಾಳೆ ಬಿತ್ತು. ಬಾವುಟ ನೆಟ್ಟರು. ವಿಮಲಮ್ಮ ಎದ್ದು ನಿಂತರು. "ಸಾರ್, ಶಿಖರ ಅಲ್ಲಿ ಮೇಲಿದೆಯಲ್ಲ. ಬಂಡೆ ಕಾಣ್ತಿದೆ ನೋಡಿ."

"ಅದು ಶಿಖರದ ಮೇಲಿನ ಭಾಗ ಅಮ್ಮಾ," ಎಂದರು ಷಡಕ್ಷರಿ, ಸಮಾಧಾನವಾಗಿ. "ಸಂಘದ ವ್ಯಾಪ್ತಿಗೆ ಬರೋದಿಲ್ಲ. ಉಪ್ಪಿಟ್ಟು ಹಾಕಿಸಿಕೊಳ್ಳಿ, ಆರಿಹೋಗುತ್ತೆ."

ಆ ದಿನದ ನಡಾವಳಿಯಲ್ಲಿ 'ಶಿಖರವನ್ನು ಎಲ್ಲ ಸದಸ್ಯರೂ ಏಕಕಾಲಕ್ಕೆ ಜಯಿಸಿದರು' ಎಂದು ದಾಖಲಾಯಿತು. ಇಂಥ ಸಾಧನೆ ಬೇರೆ ಕಡೆ ನಡೆದ ಬಗ್ಗೆ ಮಾಹಿತಿ ಇಲ್ಲ.

ಮುಂದಿನ ಚಾರಣದಲ್ಲಿ ಬಿಸಿಲು ಜಾಸ್ತಿ ಇತ್ತು. ಶಿಖರವನ್ನು ಬಸರಿಮರದಿಂದ ಕೆಳಗಿನ ಕಲ್ಲುಮಂಟಪಕ್ಕೆ ಇಳಿಸಲಾಯಿತು. ಅದರ ಮುಂದಿನ ಸಲ ಅಧ್ಯಕ್ಷರ ಕಾಲಿಗೆ ಹೊಸ ಚಪ್ಪಲಿ ಕಚ್ಚಿದ್ದರಿಂದ ಗುಡ್ಡದಹಟ್ಟಿಯ ಬೋರ್‌ವೆಲ್ ಕಟ್ಟೆಗೆ ತರಲಾಯಿತು. ಶಿಖರ ಕೆಳಗಿಳಿದಷ್ಟೂ ಸಂಘದ ಕೀರ್ತಿ ಏರಿತು. ಗುಡ್ಡ ಹತ್ತಲಾರೆವೆಂದು ಅಲ್ಲಿಯತನಕ ಹಿಂಜರಿದಿದ್ದ ಮಂಡಿನೋವಿನವರು, ಬಸುರಿಯರು, ಉಬ್ಬಸದವರು ಎಲ್ಲರೂ ಸದಸ್ಯರಾದರು. ಅಧ್ಯಕ್ಷರ ತಾಯಿ ಉಚ್ಚಂಗಮ್ಮನವರು ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಬೋರ್‌ವೆಲ್ ಕಟ್ಟೆ ಮುಟ್ಟಿ, ಸೀಟಿನಿಂದ ಏಳದೆಯೇ ಶಿಖರವನ್ನು ಜಯಿಸಿದ ಮೊದಲ ಮಹಿಳೆಯೆನಿಸಿದರು. ಅವರಿಗೆ ಶಾಲು ಹೊದಿಸುವಾಗ ಹಲವರು ಕಣ್ಣೊರೆಸಿಕೊಂಡರು.

ವಿಮಲಮ್ಮ ಮಾತ್ರ ಅದೇ ದಿನ ಊಟವಾದ ಮೇಲೆ ಎಲ್ಲರೂ ಮರದಡಿ ಮಲಗಿದ್ದು ನೋಡಿ ಮಹಬೂಬ್ ಬಿಯ ಪಕ್ಕೆ ತಿವಿದರು.

"ಹೋಗೋಣವೇನೇ?"

"ಎಲ್ಲಿಗೆ ಅಕ್ಕಾ?"

"ಮೇಲಕ್ಕೆ."

"ಅದು ನಮ್ಮ ವ್ಯಾಪ್ತಿ ಅಲ್ಲ ಅಂದ್ರಲ್ಲ?"

"ವ್ಯಾಪ್ತಿ ನಿದ್ದೆ ಮಾಡ್ತಾ ಇದೆ, ಏಳೇ."

ಇಬ್ಬರೂ ಸೀರೆ ಎತ್ತಿ ಕಟ್ಟಿಕೊಂಡು ಹೊರಟರು. ಬಸರಿಮರ ದಾಟಿದರು. ಅಲ್ಲಿಂದ ಮೇಲೆ ದಾರಿ ಕಡಿದಾಗಿತ್ತು, ಹುಲ್ಲು ಮೊಣಕಾಲಿನವರೆಗೆ. ಗಾಳಿ ಸೆರಗನ್ನು ಬಾವುಟದ ಹಾಗೆ ಬೀಸಿತು. ಮಹಬೂಬ್ ಬಿ ಎರಡು ಸಲ ಜಾರಿ ಬಿದ್ದಳು; ಎರಡು ಸಲವೂ ಎದ್ದೇಳಲಾಗದಷ್ಟು ನಕ್ಕಳು. ಬಂಡೆ ಇನ್ನೇನು ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಅಷ್ಟರಲ್ಲಿ ಕೆಳಗಿನಿಂದ ಸೀಟಿ ಊದಿದ ಸದ್ದು. ನೋಡಿದರೆ ಷಡಕ್ಷರಿಯವರು ಬೋರ್‌ವೆಲ್ ಕಟ್ಟೆಯ ಮೇಲೆ ನಿಂತು, ಎರಡೂ ಕೈ ಬೀಸುತ್ತಿದ್ದರು. ಬಸ್ಸು ಹೊರಡುವುದರಲ್ಲಿತ್ತು. ಅದು ತಪ್ಪಿದರೆ ಆ ದಿನ ಊರಿಗೆ ಬೇರೆ ಬಸ್ಸಿಲ್ಲ. ಇಬ್ಬರೂ ಕೈ ಕೈ ಹಿಸುಕಿಕೊಳ್ಳುತ್ತ ಕೆಳಗಿಳಿದರು.

ಮೂರನೆಯ ದಿನ ಇಬ್ಬರಿಗೂ ನೋಟೀಸು ಬಂತು. ಆಪಾದನೆ: ಶಿಖರೋಲ್ಲಂಘನೆ. 'ಸಂಘವು ನಿಗದಿಪಡಿಸಿದ ಶಿಖರವನ್ನು ದಾಟಿ, ಅದಕ್ಕಿಂತ ಎತ್ತರದ ಪ್ರದೇಶವನ್ನು ಅನುಮತಿಯಿಲ್ಲದೆ ಪ್ರವೇಶಿಸಿ, ತನ್ಮೂಲಕ ಶಿಖರದ ಘನತೆಗೆ ಕುಂದು ತಂದಿರುತ್ತೀರಿ.'

ವಿಚಾರಣೆ ವಾಚನಾಲಯದಲ್ಲಿ ನಡೆಯಿತು.

"ನೀವು ಎಷ್ಟು ಮೇಲಕ್ಕೆ ಹೋಗಿದ್ರಿ?" ಎಂದು ಷಡಕ್ಷರಿ ಕೇಳಿದರು.

"ಬಂಡೆ ಹತ್ತಿರದವರೆಗೆ ಸಾರ್."

"ಅಲ್ಲಿ ಏನು ಕಂಡಿರಿ?"

"ಏನೂ ಕಾಣಲಿಲ್ಲ. ನೀವು ಸೀಟಿ ಊದಿಬಿಟ್ರಿ."

"ಬರೆದುಕೊಳ್ಳಿ. ಶಿಖರದ ಮೇಲೆ ನೋಡತಕ್ಕಂಥದ್ದು ಏನೂ ಇಲ್ಲವೆಂದು ಆಪಾದಿತರೇ ಒಪ್ಪಿದ್ದಾರೆ."

ಓಂಕಾರಮೂರ್ತಿಗಳಿಗೆ ಕನಿಕರ ಬಂತು. ಅವರು ಕೆಟ್ಟ ಮನುಷ್ಯರಲ್ಲ. "ಹೋಗ್ಲಿ ಬಿಡಪ್ಪಾ, ಹೆಣ್ಮಕ್ಳು. ಕಾಲು ಚುರುಕು, ಏನ್ ಮಾಡೋಕಾಯ್ತದೆ" ಎಂದರು. ಅವರ ಮಾತನ್ನು ಪರಿಗಣಿಸಿ ಶಿಕ್ಷೆಯನ್ನು ಇಳಿಸಲಾಯಿತು: ಮುಂದಿನ ಆದೇಶದವರೆಗೆ ಇಬ್ಬರೂ ಬಸ್ಸಿನೊಳಗೇ ಕುಳಿತು ಚಾರಣ ಮಾಡತಕ್ಕದ್ದು.

ಹಾಗೆ ಕುಳಿತ ಮೊದಲ ದಿನ ವಿಮಲಮ್ಮ ಕಿಟಕಿಯಿಂದ ಬಂಡೆಯನ್ನೇ ನೋಡುತ್ತಿದ್ದರು. ಮಹಬೂಬ್ ಬಿ ಕಡಲೆಕಾಯಿ ಸುಲಿದು ಸುಲಿದು ಆಕೆಯ ಮಡಿಲಿಗೆ ಹಾಕುತ್ತಿದ್ದಳು. ಮನೆಗೆ ಬಂದು ವಿಮಲಮ್ಮ ಮಡಿಲು ಒದರಿದಾಗ ಒಂದು ಬೀಜವೂ ಖರ್ಚಾಗಿರಲಿಲ್ಲ. ಅದನ್ನು ಕಂಡ ಕಲ್ಲೇಶಪ್ಪನವರಿಗೆ ಮೊಟ್ಟಮೊದಲ ಬಾರಿಗೆ ಗುಡ್ಡದ ವಿಷಯ ಸ್ವಲ್ಪ ಗಂಭೀರವಾದದ್ದು ಅನ್ನಿಸಿತು.

ಇದೇ ಕಾಲಕ್ಕೆ ಕಡೂರಿನಲ್ಲಿ 'ಗಿರಿ ಸೌಕರ್ಯ ಮಂಡಳಿ' ಎಂಬ ಹೊಸ ಕಚೇರಿ ತೆರೆಯಿತು. ಗುಡ್ಡಗಳಿಗೆ ಬೇಕಾದ ಸೌಕರ್ಯಗಳನ್ನು ಒದಗಿಸುವುದು ಅದರ ಕೆಲಸ. ಗುಡ್ಡಗಳು ಏನನ್ನೂ ಕೇಳುತ್ತಿರಲಿಲ್ಲವಾದ್ದರಿಂದ ಮಂಡಳಿಗೆ ಕೆಲಸವಿರಲಿಲ್ಲ. ಆಗ ಷಡಕ್ಷರಿಯವರು ಅರ್ಜಿ ಹಾಕಿದರು: ಮೂಗುಬೊಟ್ಟು ಗುಡ್ಡದ ಶಿಖರದಲ್ಲಿ ಚಾರಣಿಗರಿಗೆ ಒಂದು ತಂಗುದಾಣ ಕಟ್ಟಬೇಕು, ಅದಕ್ಕೆ ಸಿಮೆಂಟ್ ಪರ್ಮಿಟ್ ದಯಪಾಲಿಸಬೇಕು. ಆಗ ಸಿಮೆಂಟ್ ಅಂಗಡಿಯಲ್ಲಿ ಸಿಗುವ ಪದಾರ್ಥವಾಗಿರಲಿಲ್ಲ. ಪರ್ಮಿಟ್ ಇದ್ದವರ ಮನೆಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದ ಕಾಲ. ಕೆಲಸವಿಲ್ಲದೆ ಸೊರಗಿದ್ದ ಮಂಡಳಿ ಅರ್ಜಿಯನ್ನು ಕಂಡು ಹಿಗ್ಗಿ, ಕೇಳಿದ್ದಕ್ಕಿಂತ ಎರಡು ಪಟ್ಟು ಮಂಜೂರು ಮಾಡಿತು.

ಸಿಮೆಂಟ್ ಮೂಟೆಗಳು ಲಾರಿಯಲ್ಲಿ ಬಂದವು. ಲಾರಿ ಗುಡ್ಡ ಹತ್ತುವುದಿಲ್ಲವಾದ್ದರಿಂದ ಮೂಟೆಗಳನ್ನು ತಾತ್ಕಾಲಿಕವಾಗಿ ಅಧ್ಯಕ್ಷರ ಮನೆಯಲ್ಲಿ ಇಳಿಸಲಾಯಿತು. ಸಂಜೆ ಆಕಾಶದಲ್ಲಿ ಒಂದು ಮೋಡ ಕಾಣಿಸಿತು. ಮಳೆ ಬಂದು ಸಿಮೆಂಟ್ ಗಟ್ಟಿಯಾದರೆ ದೇಶಕ್ಕೆ ನಷ್ಟ ಎಂದು ಅಧ್ಯಕ್ಷರು ರಾತ್ರಿಯೆಲ್ಲ ಕಳವಳಪಟ್ಟರು. ಬೆಳಿಗ್ಗೆ ಬೇರೆ ದಾರಿ ಕಾಣದೆ, ದೇಶದ ಹಿತದೃಷ್ಟಿಯಿಂದ, ತಮ್ಮ ಮನೆಯ ಮೇಲೆ ಮಹಡಿ ಕಟ್ಟಿಸಲು ಆರಂಭಿಸಿದರು. ಮಹಡಿ ಚೆನ್ನಾಗಿ ಬಂತು. ಮುಂದುಗಡೆ ಬಿಸಿಲುಮಚ್ಚು, ಅದಕ್ಕೆ ಕಮಲದ ಹೂವಿನ ಕಟಕಟೆ.

ಮಹಡಿಗೆ ಸುಣ್ಣ ಹೊಡೆಯುತ್ತಿದ್ದಾಗ ಕಡೂರಿನಿಂದ ಕಾಗದ ಬಂತು. ಮಂಡಳಿಯ ಅಧಿಕಾರಿ ದೇವೀರಪ್ಪನವರು ಶಿಖರದ ತಂಗುದಾಣದ ತಪಾಸಣೆಗೆ ಬರಲಿದ್ದಾರೆ.

ಅಧ್ಯಕ್ಷರ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು. "ಏನಪ್ಪಾ ಮಾಡೋದು ಷಡಕ್ಷರೀ? ತಂಗುದಾಣ ಇಲ್ಲೈತೆ, ಶಿಖರ ಅಲ್ಲೈತೆ."

"ಸ್ವಾಮಿ, ತಂಗುದಾಣವನ್ನು ಶಿಖರಕ್ಕೆ ತಗೊಂಡು ಹೋಗೋದು ಕಷ್ಟ. ಕಟ್ಟಡ ಅದು. ಶಿಖರವಾದರೆ ನಾವು ಮೊದಲಿಂದಲೂ ಓಡಾಡಿಸಿಕೊಂಡೇ ಬಂದಿದ್ದೇವಲ್ಲ?"

ಅಧ್ಯಕ್ಷರು ಅವರನ್ನು ತಬ್ಬಿಕೊಂಡರು. ಅದೇ ಸಂಜೆ ಸಂಘ ತುರ್ತು ಸಭೆ ಸೇರಿ, 'ಮೂಗುಬೊಟ್ಟು ಗುಡ್ಡದ ಶಿಖರವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಬೋರ್‌ವೆಲ್ ಕಟ್ಟೆಯಿಂದ ಅಜ್ಜಂಪುರ ಪೇಟೆ ಬೀದಿಗೆ ವರ್ಗಾಯಿಸಲಾಗಿದೆ' ಎಂದು ಠರಾವು ಮಾಡಿತು. ವಿರೋಧಿಸಿದವರು ಯಾರೂ ಇಲ್ಲ. ಪೇಟೆ ಬೀದಿಯ ಕೆಲವು ವರ್ತಕರು ಮಾತ್ರ ತಮ್ಮ ಅಂಗಡಿಯನ್ನೂ ಶಿಖರದ ಗಡಿಯೊಳಗೆ ಸೇರಿಸಬೇಕೆಂದು ಮನವಿ ಕೊಟ್ಟರು.

ತಪಾಸಣೆಯ ದಿನ ಷಡಕ್ಷರಿಯವರು ವಿಮಲಮ್ಮನ ಮನೆಗೆ ಬಂದರು. "ಸಾಮಾನ್ಯ ಸದಸ್ಯರೊಬ್ಬರ ಹೇಳಿಕೆ ಬೇಕಂತೆ ಅಮ್ಮಾ. ಶಿಖರ ಚೆನ್ನಾಗಿದೆ ಅಂತ ಒಂದು ಮಾತು ಹೇಳಿ. ನಿಮ್ಮ ಬಸ್ಸಿನ ಶಿಕ್ಷೆ ಅಲ್ಲಿಂದ ಅಲ್ಲಿಗೇ ವಜಾ."

ಅವರು ಹೋದ ಮೇಲೆ ಕಲ್ಲೇಶಪ್ಪ ಹೆಂಡತಿಯನ್ನು ನೋಡಿದರು. "ಹೇಳ್ತೀಯೇನೇ?"

"ಗೊತ್ತಿಲ್ಲ ಕಣ್ರೀ. ಹೇಳಿದ್ರೆ ಬಸ್ಸಿಂದ ಇಳಿಸ್ತಾರೆ. ಆದ್ರೆ ಇಳಿದು ಹತ್ತೋದು ಅವರ ಮನೆ ಮೆಟ್ಟಿಲು. ಸುಳ್ಳಾದ್ರೂ ಹೇಳ್ಬೋದು. ಆ ಬಂಡೆ ದಿನಾ ಕಿಟಕೀಲಿ ಕಾಣುತ್ತಲ್ಲ, ಅದಕ್ಕೆ ಏನು ಹೇಳ್ಲಿ?"

ದೇವೀರಪ್ಪನವರು ಮಧ್ಯಾಹ್ನದ ರೈಲಿಗೆ ಬಂದಿಳಿದರು. ಮಂಡಿನೋವಿನವರು. ಗುಡ್ಡವೆಂದರೆ ಹೆದರುವ ಅವರನ್ನು ಮಂಡಳಿ ಯಾಕೆ ಆ ಹುದ್ದೆಗೆ ಹಾಕಿತೆಂಬುದು ಮಂಡಳಿಗೇ ಗೊತ್ತು. ಶಿಖರ ಪೇಟೆ ಬೀದಿಯಲ್ಲಿದೆಯೆಂದು ಕೇಳಿದಾಗ ಅವರ ಮುಖದಲ್ಲಿ ಮೂಡಿದ ಬೆಳಕನ್ನು ಸ್ಟೇಷನ್ನಿನಲ್ಲಿದ್ದವರೆಲ್ಲ ಕಂಡರು.

ಮಹಡಿಯ ಮೆಟ್ಟಿಲು ಕಡಿದಾಗಿತ್ತು. ಆರೋಹಣ ಶಂಖನಾದದೊಂದಿಗೆ ಆರಂಭವಾಯಿತು. ಮೆಟ್ಟಿಲು ತಿರುಗುವಲ್ಲಿ ಬೇಸ್ ಕ್ಯಾಂಪ್ ಸ್ಥಾಪಿಸಿ, ಅಲ್ಲಿ ಪಾನಕ ಕೋಸಂಬರಿ ಇಟ್ಟಿದ್ದರು. ಅಧಿಕಾರಿಗಳು ಅಲ್ಲಿ ಗಣನೀಯ ಹೊತ್ತು ತಂಗಿ, ಆಮೇಲೆ ಕಟಕಟೆ ಹಿಡಿದು ಕೊನೆಯ ಭಾಗವನ್ನು ಏರಿದರು. ಆಗ ಕೆಳಗಿನ ಅಡುಗೆಮನೆಯಿಂದ ಒಗ್ಗರಣೆಯ ಹೊಗೆ ಗುಪ್ಪನೆ ಮೇಲೆ ಬಂತು. ದೇವೀರಪ್ಪನವರು 'ಮಂಜು' ಎಂದು ಬರೆದುಕೊಂಡರು. ಬಿಸಿಲುಮಚ್ಚಿನ ಮೇಲೆ ಉಚ್ಚಂಗಮ್ಮನವರು ಸಂಡಿಗೆ ಒಣಹಾಕಿಕೊಂಡು ಕೋಲು ಹಿಡಿದು ಕಾಗೆ ಓಡಿಸುತ್ತಿದ್ದರು.

"ಇವರು?"

"ಶಿಖರವಾಸಿಗಳು," ಎಂದರು ಷಡಕ್ಷರಿ.

ಅಧಿಕಾರಿಗಳು ಕೈ ಮುಗಿದರು. ಉಚ್ಚಂಗಮ್ಮ "ಸಂಡಿಗೆ ತುಳೀಬ್ಯಾಡಪ್ಪಾ" ಎಂದು ಹರಸಿದರು.

"ಗಾಳಿ ಇದೆ. ನೋಟ ಇದೆ. ಏದುಸಿರೂ ಇದೆ," ಎನ್ನುತ್ತ ದೇವೀರಪ್ಪನವರು ತೃಪ್ತಿಯಿಂದ ಸುತ್ತಲೂ ನೋಡಿದರು. "ಸಾಮಾನ್ಯ ಸದಸ್ಯರು ಯಾರಮ್ಮಾ? ನೀವಾ? ಹೇಳಿ, ಶಿಖರ ಹೇಗಿದೆ?"

ಎಲ್ಲರೂ ವಿಮಲಮ್ಮನ ಕಡೆ ತಿರುಗಿದರು. ಆಕೆ ಸೆರಗು ಬಿಗಿದು, ಕೈ ಎತ್ತಿ, ಬಿಸಿಲುಮಚ್ಚಿನಿಂದ ಸ್ಪಷ್ಟವಾಗಿ ಕಾಣುತ್ತಿದ್ದ ಮೂಗುಬೊಟ್ಟು ಗುಡ್ಡವನ್ನು ತೋರಿಸಿದರು.

"ಸಾರ್, ಇದು ಶಿಖರ ಅಂತಾದ್ರೆ, ಅಲ್ಲಿ ಕಾಣ್ತಿರೋದು ಏನು?"

ಕೆಳಗೆ ಒಗ್ಗರಣೆ ಚಟಪಟ ಸಿಡಿಯಿತು. ಓಂಕಾರಮೂರ್ತಿಗಳು ಕಮಲದ ಹೂವನ್ನು ಗಟ್ಟಿಯಾಗಿ ಹಿಡಿದುಕೊಂಡರು. ವಿಮಲಮ್ಮ ಎತ್ತಿದ ಕೈ ಇಳಿಸಲಿಲ್ಲ.

ದೇವೀರಪ್ಪನವರು ಗುಡ್ಡವನ್ನು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಇಂಥ ಪ್ರಶ್ನೆಗೆ ಉತ್ತರಿಸದೆ ಕಡತ ಮುಚ್ಚುವವರಲ್ಲ ಅವರು.

"ಒಳ್ಳೆ ಪ್ರಶ್ನೆ," ಎಂದರು. "ಶಿಖರ ಅಂದ್ರೇನು? ಎಲ್ಲಕ್ಕಿಂತ ಎತ್ತರದ ಜಾಗ. ನಾವೀಗ ಶಿಖರದ ಮೇಲಿದ್ದೀವಿ. ಅದಕ್ಕೆ ಠರಾವಿದೆ, ಪರ್ಮಿಟ್ಟಿದೆ. ಹಾಗಾದ್ರೆ ಮಿಕ್ಕಿದ್ದೆಲ್ಲ ಇದಕ್ಕಿಂತ ಕೆಳಗಿರಲೇಬೇಕು. ಅದು ತಗ್ಗುಪ್ರದೇಶ ಅಮ್ಮಾ."

"ತಗ್ಗಾ?"

"ತಗ್ಗು. ಸ್ವಲ್ಪ ಮೇಲಕ್ಕೆ ಇರೋ ತಗ್ಗು." ಅವರು ಬರೆದುಕೊಂಡು ಸಹಿ ಹಾಕಿದರು. ಆಮೇಲೆ ಅವರ ಹಣೆಯಲ್ಲಿ ಚಿಂತೆಯ ಗೆರೆ ಮೂಡಿತು. "ಅಲ್ಲಿ ಜನ ವಾಸವಿದ್ದಾರಾ? ಮಳೆಗಾಲ ಹತ್ತಿರ ಬಂತಲ್ಲ!"

ಹೀಗೆ ಗುಡ್ಡದಹಟ್ಟಿಗೆ ಪ್ರವಾಹದ ಮುನ್ನೆಚ್ಚರಿಕೆ ಹೋಯಿತು. ತಗ್ಗುಪ್ರದೇಶದವರು ನೀರು ನುಗ್ಗಿದಲ್ಲಿ ಅಜ್ಜಂಪುರದ ಶಿಖರಕ್ಕೆ ಬಂದು ಆಶ್ರಯ ಪಡೆಯತಕ್ಕದ್ದೆಂದು ಟಾಂಟಾಂ ಹೊಡೆಸಿದರು. ಹಟ್ಟಿಯ ಹಿರಿಯ ಬೆನಕಪ್ಪ ಮೊದಲು ಒಪ್ಪಲಿಲ್ಲ. "ಬುದ್ಧೀ, ನಾವು ಅಜ್ಜಂಪುರಕ್ಕಿಂತ ಎತ್ತರದಾಗಿರೋರು. ನೀರು ನಮ್ಮತ್ರ ಹೆಂಗ್ ಬತ್ತದೆ?" ಎಂದು ಮಂಡಳಿಯ ಗುಮಾಸ್ತನನ್ನು ಕೇಳಿದ. ಗುಮಾಸ್ತ ಆದೇಶ ಓದಿ ಹೇಳಿದ. ತಗ್ಗಿನವರಿಗೆ ಕಂಬಳಿ, ಟಾರ್ಪಾಲು ಮತ್ತು ರಾಗಿ ಪುಕ್ಕಟೆ ಎಂಬಲ್ಲಿಗೆ ಓದುವಷ್ಟರಲ್ಲಿ ಬೆನಕಪ್ಪನಿಗೆ ನೆನಪಾಯಿತು: "ಹೌದು ಬುದ್ಧೀ. ಈಗ ನೋಡುದ್ರೆ ಸ್ವಲ್ಪ ತಗ್ಗಾಗೇ ಐತೆ."

ತಗ್ಗು ಎಷ್ಟು ಆಳವಿದೆಯೋ ಸೌಕರ್ಯ ಅಷ್ಟು ಎಂಬುದು ಮಂಡಳಿಯ ಕ್ರಮ. ಬಂಡೆ ಇರುವ ತುದಿಯೇ ಅತ್ಯಂತ ಆಳದ ಜಾಗವೆಂದು ಲೆಕ್ಕಕ್ಕೆ ಬಂದದ್ದರಿಂದ ಅಲ್ಲಿಗೆ ಒಂದು ದೋಣಿ ಮಂಜೂರಾಯಿತು. ಹೊಸ ದೋಣಿ, ನೀಲಿ ಬಣ್ಣದ್ದು. ಹಟ್ಟಿಯ ಗಂಡಸರೆಲ್ಲ ಸೇರಿ ಹಗ್ಗ ಹಾಕಿ, ಐಸಾ ಎನ್ನುತ್ತ ಎರಡು ದಿನ ಎಳೆದು ತುದಿಗೆ ಮುಟ್ಟಿಸಿದರು.

ಅಜ್ಜಂಪುರದಲ್ಲೂ ಜನಜೀವನ ಶಿಖರಕ್ಕೆ ಹೊಂದಿಕೊಂಡಿತು. ತಿಂಗಳಿಗೊಮ್ಮೆ ಸಂಘ ಮಹಡಿ ಹತ್ತಿ ಉಪ್ಪಿಟ್ಟು ತಿಂದು ಇಳಿಯಿತು. ತರೀಕೆರೆಯಿಂದ ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆತಂದರು. ಓಂಕಾರಮೂರ್ತಿಗಳ ಮಿಲ್ಲಿನ ಕಡಲೆಕಾಯಿ ಎಣ್ಣೆಯ ಡಬ್ಬದ ಮೇಲೆ 'ಶಿಖರದ ತಪ್ಪಲಲ್ಲಿ ತೆಗೆದ ಶುದ್ಧ ಎಣ್ಣೆ' ಎಂದು ಅಚ್ಚಾಗಿ, ದರ ಸಹಜವಾಗಿಯೇ ಮೇಲೇರಿತು. ಬಸ್ ಕಂಡಕ್ಟರ್ ಹುಸೇನ್ ಸಾಬ್ ಪೇಟೆ ಬೀದಿ ಬಂದಾಗ "ಶಿಖರ ಹತ್ತೋರು ಇಳೀರಿ!" ಎಂದು ಕೂಗಿದರೆ ಯಾರಿಗೂ ನಗು ಬರುತ್ತಿರಲಿಲ್ಲ.

ಒಂದು ದಿನ ವಿಮಲಮ್ಮ ಮಹಬೂಬ್ ಬಿಯನ್ನು ಕರೆದುಕೊಂಡು ಷಡಕ್ಷರಿಯವರ ಬಳಿ ಹೋದರು. ಬಹಳ ವಿನಯದಿಂದ ಕೇಳಿದರು.

"ಸಾರ್, ಸಂಘದ ಅನುಮತಿ ಇಲ್ಲದೆ ಯಾವ ಎತ್ತರಕ್ಕೂ ಹತ್ತಬಾರದು ಅಲ್ವಾ?"

"ಕೂಡದು."

"ತಗ್ಗಿಗೆ ಇಳಿಯೋದಕ್ಕೆ ಏನಾದ್ರೂ ನಿಯಮ ಇದೆಯಾ?"

ಷಡಕ್ಷರಿಯವರು ನಿಯಮಾವಳಿಯನ್ನು ಹಿಂದು ಮುಂದೆ ತಿರುವಿ ಹಾಕಿದರು. ಎಲ್ಲೂ ಇರಲಿಲ್ಲ. "ಇಳಿಯೋದು ನಮ್ಮ ಸಂಘಕ್ಕೆ ಸಂಬಂಧಪಟ್ಟದ್ದಲ್ಲ ಅಮ್ಮಾ. ಧಾರಾಳವಾಗಿ ಇಳೀರಿ. ಜಾರೀತು, ಜೋಕೆ."

ಕಲ್ಲೇಶಪ್ಪನವರು ಬುತ್ತಿಗೆ ಹುಚ್ಚೆಳ್ಳು ಚಟ್ನಿಪುಡಿಯನ್ನು ತಾವೇ ಕಟ್ಟಿಕೊಟ್ಟರು. ಈಗ ಅವರು ಮೇಕೆಯ ಮಾತೆತ್ತಲಿಲ್ಲ. "ತಗ್ಗಿಗೆ ಹೋಗ್ತಿದೀರಾ, ಹುಷಾರು ಕಣೇ. ನೀರಿರೋ ಕಡೆ ಕಾಲಿಡಬ್ಯಾಡಿ" ಎಂದು ಬಸ್ ಸ್ಟ್ಯಾಂಡಿನವರೆಗೆ ಬಂದು ಕಳಿಸಿದರು.

ಗುಡ್ಡದಹಟ್ಟಿಯಿಂದ ಇಬ್ಬರೂ ತಗ್ಗಿಗೆ ಇಳಿಯತೊಡಗಿದರು. ಬಸರಿಮರದ ಹತ್ತಿರ ಬೆವರು ಕಿತ್ತುಕೊಂಡು ಬಂತು. ಅಲ್ಲಿಂದ ಮುಂದೆ ಮಾತು ನಿಂತಿತು, ಉಸಿರಷ್ಟೇ ಉಳಿಯಿತು. ಮುಂದೆ ಕೊಡೆಯಿಲ್ಲ, ಡಬರಿಯಿಲ್ಲ, ಸೀಟಿಯಿಲ್ಲ. ಮಹಬೂಬ್ ಬಿ ಒಂದು ಕಲ್ಲಿಗೆ ಒರಗಿ "ಅಲ್ಲಾ! ಎಷ್ಟು ಆಳ ಅಕ್ಕಾ ಇದು! ಇನ್ನೂ ಇಳೀಬೇಕಾ?" ಎಂದು ತೇಕಿದಳು.

"ಇನ್ನೊಂಚೂರು ಕಣೇ. ತಳ ಕಾಣ್ತಾ ಇದೆ," ಎಂದು ವಿಮಲಮ್ಮ ಬಂಡೆಯನ್ನು ತೋರಿಸಿ, ಅವಳ ಕೈ ಹಿಡಿದು ಎಳೆದರು.

ತಳ ಮುಟ್ಟಿದಾಗ ಗಾಳಿ ಇಬ್ಬರನ್ನೂ ಹಾರಿಸಿಕೊಂಡು ಹೋಗುವ ಹಾಗಿತ್ತು. ಬಿಸಿಲಿಗೆ ಬೆಣಚುಬಂಡೆ ಕಣ್ಣು ಕೋರೈಸುತ್ತಿತ್ತು. ಅದರ ಮಗ್ಗುಲಲ್ಲಿ ನೀಲಿ ದೋಣಿ, ದೋಣಿಯ ತುಂಬ ಮೇಕೆಮರಿಗಳು. ಬೆನಕಪ್ಪ ಚುಕ್ಕಾಣಿಯ ಹತ್ತಿರ ಕಂಬಳಿ ಹೊದ್ದು ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದ.

"ಬರ್ರಿ ತಾಯೀ, ದೋಣಿ ಹತ್ರಿ. ಗಾಳಿ ತಟ್ಟಾಕಿಲ್ಲ," ಎಂದು ಎರಡು ಮರಿ ಎತ್ತಿ ಜಾಗ ಮಾಡಿಕೊಟ್ಟ.

"ದೋಣಿ ಅನುಕೂಲವಾಗಿದೆಯಾ ಬೆನಕಪ್ಪಾ?"

"ಬಾಳ ಒಳ್ಳೇದು ತಾಯೀ. ಇದು ಬಂದ್ಮ್ಯಾಕೆ ಒಬ್ರೂ ಮುಳುಗಿಲ್ಲ ನೋಡ್ರಿ."

ವಿಮಲಮ್ಮ ದೋಣಿಯ ಮೂತಿಯ ಮೇಲೆ ಕಾಲಿಟ್ಟು, ಬಂಡೆಗೆ ಕೈಯೂರಿ ಎದ್ದು ನಿಂತರು. ಸೆರಗು ಹಾಯಿಯ ಹಾಗೆ ಪಟಪಟ ಬಡಿಯುತ್ತಿತ್ತು. ಇಪ್ಪತ್ತು ವರ್ಷ ಕಿಟಕಿಯಿಂದ ನೋಡಿದ್ದರ ಆಚೆಗೆ ಆಕೆ ಮೊದಲ ಸಲ ಕಣ್ಣು ಹಾಯಿಸಿದರು. ನೋಡುತ್ತಲೇ ನಿಂತರು.

ಮಹಬೂಬ್ ಬಿಗೆ ತಡೆಯಲಾಗಲಿಲ್ಲ. ಒಂದು ಮರಿಯನ್ನು ಮಡಿಲಿಗೆಳೆದುಕೊಂಡು ಕೇಳಿದಳು: "ಏನಿದೆ ಅಕ್ಕಾ ಆಚೆ?"

ವಿಮಲಮ್ಮ ತಿರುಗಿದರು. ಮುಖವೆಲ್ಲ ಬೆವರು, ಮುಖವೆಲ್ಲ ನಗು.

"ಇನ್ನೊಂದು ತಗ್ಗು ಕಣೇ! ಇದಕ್ಕಿಂತ ಭಾರೀ ಆಳ ಇದೆ. ಅದರ ತಳಕ್ಕೆ ಮೋಡ ತಾಗ್ತಾ ಇದೆ ನೋಡು ಬಾ!"

ಬೆನಕಪ್ಪನೂ ಎದ್ದು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಹೌದೆಂದು ತಲೆಯಾಡಿಸಿದ. "ಅಲ್ಲಿಗೆ ಇನ್ನೂ ದೋಣಿ ಬಂದಿಲ್ಲ ತಾಯೀ, ಪಾಪ," ಎಂದ.